ತಮಟೆ ಕೇಳದ ಜಾಗ

ಆಗ ನನಗೆ ಅರವತ್ತೆರಡು. ಈಗ್ಗೆ ಒಂಬತ್ತು ವರ್ಷದ ಹಿಂದಿನ ಮಾತು. ಕೋಲಾರದಲ್ಲಿ ಮದುವೆ ಮೆರವಣಿಗೆಗೆ ಕುದುರೆ ಬಿಡುತ್ತಿದ್ದ ಸಾಬರೊಬ್ಬರು ತಮ್ಮ ಹತ್ತಿರ ಉಳಿದಿದ್ದ ಎರಡು ಕುದುರೆಗಳನ್ನು ಕಡಿಯುವವರ ಗಾಡಿಗೆ ಹತ್ತಿಸುವವರಿದ್ದರು. ಒಂದು ಬಿಳಿ ಹೆಣ್ಣು, ಒಂದು ಕೆಂದು ಗಂಡು. ಶುಕ್ರವಾರ ಗಾಡಿ ಬರುತ್ತದೆ ಎಂದು ಬುಧವಾರ ನನಗೆ ಹೇಳಿ ಕಳಿಸಿದರು.

ನನಗೇಕೆ ಹೇಳಿ ಕಳಿಸಿದರು ಎಂದರೆ, ನಾನು ಹುಲ್ಲು ಮಾರುವವಳು. ಮದುವೆಯಾಗಿ ಕೋಲಾರಕ್ಕೆ ಬಂದ ವರ್ಷದಿಂದ ಕೆರೆ ಅಂಗಳದಲ್ಲಿ ಹುಲ್ಲು ಕೊಯ್ದು, ಹೊರೆ ಕಟ್ಟಿ, ಜಟಕಾ ನಿಲ್ಲುವ ಕಡೆ ಹೊತ್ತುಕೊಂಡು ಹೋಗಿ ಮಾರುತ್ತಿದ್ದೆ. ಯಾವ ಕುದುರೆ ಎಷ್ಟು ತಿನ್ನುತ್ತದೆ, ಯಾವುದಕ್ಕೆ ಹಲ್ಲು ಸವೆದಿದೆ, ಯಾವುದಕ್ಕೆ ಹೊಟ್ಟೆ ನೋವು, ಎಲ್ಲ ನನಗೆ ಗೊತ್ತಿತ್ತು. ಆಮೇಲೆ ಆಟೋ ಬಂದವು, ಜಟಕಾ ಹೋದವು. ಜಟಕಾ ಹೋದವು ಎಂದು ಎಲ್ಲರೂ ಸುಲಭವಾಗಿ ಹೇಳುತ್ತಾರೆ. ಗಾಡಿಯಾದರೆ ಒಡೆದು ಸೌದೆ ಮಾಡಿದರು. ಕುದುರೆ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ. ನಾನು ನೋಡಿದೆ. ಶ್ರೀನಿವಾಸಪುರದ ರಸ್ತೆ ಹಿಡಿದು, ಗೌನಿಪಲ್ಲಿ ದಾಟಿ ಆಂಧ್ರದ ಕಡೆಗೆ ಹೋಗುವ ಗಾಡಿಯಲ್ಲಿ ಹೋದವು. ನಿಲ್ಲಲು ಜಾಗವಿಲ್ಲದೆ ಒಂದರ ಕತ್ತು ಇನ್ನೊಂದರ ಬೆನ್ನಿನ ಮೇಲೆ. ಅದರಲ್ಲೊಂದು ನನ್ನ ತಲೆಯ ಮೇಲಿದ್ದ ಹೊರೆ ನೋಡಿ ಕೆನೆಯಿತು. ಹುಲ್ಲು ಬಂತು ಅಂದುಕೊಂಡಿತ್ತು.

ಕುದುರೆ ಎಂದರೆ ನನಗೆ ಪ್ರೀತಿ ಎಂದು ಜನ ತಿಳಿದಿದ್ದಾರೆ. ಪ್ರೀತಿಯೇನೂ ಇಲ್ಲ. ಕುದುರೆ ಒದೆಯುತ್ತದೆ, ಕಚ್ಚುತ್ತದೆ. ನನ್ನ ಎಡಗೈಯ ಒಂದು ಬೆರಳು ಇವತ್ತಿಗೂ ಮಡಚಲು ಬರುವುದಿಲ್ಲ. ಆದರೆ ನನ್ನ ಕೈಯಿಂದ ಮೇವು ತಿಂದದ್ದು ಆ ಗಾಡಿಗೆ ಹೋಗುವುದು ಸರಿ ಅನ್ನಿಸಲಿಲ್ಲ. ಅಂದಿನಿಂದ ಯಾರಿಗೆ ಕುದುರೆ ಬೇಡವಾದರೂ ನಾನು ಹೋಗಿ ನಿಲ್ಲುತ್ತಿದ್ದೆ. ಬಿಟ್ಟುಕೊಡುವಂತೆ ಗೋಗರೆದು, ಇಲ್ಲದಿದ್ದರೆ ಜಗಳ ಮಾಡಿ, ತಂದು ನನ್ನ ಹಿತ್ತಲಲ್ಲಿ ಕಟ್ಟುತ್ತಿದ್ದೆ. ಹಿತ್ತಲು ಚಿಕ್ಕದು, ಮೂರು ಕಟ್ಟಿದರೆ ಮುಗಿಯಿತು. ಆದ್ದರಿಂದ ಬೇಗ ಬೇಗ ಒಂದು ಮನೆ ನೋಡಿ ದಾಟಿಸಬೇಕು.

ಮನೆ ನೋಡುವುದರಲ್ಲಿ ನಾನು ಗಟ್ಟಿ. ಇಟ್ಟಿಗೆ ಗೂಡಿನವರಿಗೆ ಕೊಡುವುದಿಲ್ಲ, ದುಡಿಸಿ ಸಾಯಿಸುತ್ತಾರೆ. ಮಾವಿನ ತೋಟದವರಿಗೆ ಕೊಡುವುದಿಲ್ಲ. ಮರಕ್ಕೆ ಔಷಧಿ ಹೊಡೆಯುತ್ತಾರೆ, ಅದು ಕೆಳಗಿನ ಹುಲ್ಲಿಗೆ ಬೀಳುತ್ತದೆ. ಹಾಗೆ ಒಂದನ್ನು ಕಳೆದುಕೊಂಡಿದ್ದೇನೆ. ನನಗೆ ಹಿಡಿಸುವುದು ಹಿಪ್ಪುನೇರಳೆ ಬೆಳೆಯುವ ರೇಷ್ಮೆಯವರು. ಔಷಧಿ ಸೋಕಿದ ಸೊಪ್ಪು ಹಾಕಿದರೆ ಅವರ ಹುಳ ಸಾಯುತ್ತದೆ, ಅದಕ್ಕೆ ಅವರ ಹೊಲದ ಸುತ್ತ ಹುಲ್ಲು ಚೊಕ್ಕ. ಗೊಬ್ಬರದ ಆಸೆಗೆ ಕುದುರೆ ಕಟ್ಟಿಕೊಳ್ಳುತ್ತಾರೆ, ಕೆಲಸ ಕೇಳುವುದಿಲ್ಲ.

ಬುಧವಾರ ಸಾಬರ ಮನೆಗೆ ಹೋದೆ. ಅಂಗಳದಲ್ಲಿ ಹೂವಿನಿಂದ ಸಿಂಗಾರ ಮಾಡಿದ ಕಾರು ನಿಂತಿತ್ತು. ಕುದುರೆಗಳು ಹಿಂದುಗಡೆ.

“ಇದೇನ್ ಸಾಬ್ರೇ, ಹೊಸ ಕುದ್ರೇನಾ?” ಎಂದು ಕಾರು ತೋರಿಸಿ ಕೇಳಿದೆ.

“ನನ್ ಮಗಂದು ಅಕ್ಕಾ. ಮದ್ವೆ ಗಂಡಿಗೆ ಈಗ ಕಾರೇ ಬೇಕಂತೆ. ಕುದ್ರೆ ಮ್ಯಾಲೆ ಕೂತ್ರೆ ಭಯ ಅಂತಾರೆ.”

“ಮಗ ಕಾರಿಗೆ ಪೆಟ್ರೋಲ್ ಹಾಕ್ತಾನೆ, ನೀವು ಕುದ್ರೆಗೆ ಹುಲ್ ಹಾಕಕ್ಕಾಗಲ್ವಾ?”

“ಬೈಯಿ ಅಕ್ಕಾ, ಬೈಯಿ. ನೀನು ಬೈತೀಯ ಅಂತಾನೇ ಕರ್ಸಿದ್ದು.” ಅವರ ವಯಸ್ಸು ನನಗಿಂತ ಹೆಚ್ಚು. ಇಬ್ಬರೂ ಹಿಂದಕ್ಕೆ ಹೋದೆವು.

ಬಿಳಿಯದರ ಮುಂದಿನ ಬಲಗಾಲು ಮೊಣಕಾಲಿನ ಕೆಳಗೆ ಊದಿತ್ತು. ಮುಟ್ಟಿದರೆ ಬಿಸಿ. ಟಾರು ರಸ್ತೆಯ ಮೇಲೆ, ಸಿಮೆಂಟಿನ ಮೇಲೆ ವರ್ಷಗಟ್ಟಲೆ ಕುಣಿಸಿದ ಕಾಲು. ಸಾಬರು ಗೋಡೆಯ ಮೇಲಿದ್ದ ಒಂದು ಡಬ್ಬದ ಮುಚ್ಚಳ ತೆಗೆದುಕೊಂಡು ಬೆರಳಿನಿಂದ ನಾಲ್ಕು ಸಲ ತಟ್ಟಿದರು. ಅಷ್ಟಕ್ಕೇ ಕುದುರೆ ಕಿವಿ ಹಿಂದಕ್ಕೆ ಒರಗಿಸಿ ಕಾಲು ಎತ್ತತೊಡಗಿತು. ಎಡ, ಬಲ, ಎಡ, ಬಲ. ಬಲಗಾಲು ಊರಿದಾಗಲೆಲ್ಲ ಮೈ ಜಗ್ಗುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಪಕ್ಕದಲ್ಲಿದ್ದ ಕೆಂದು ಕೂಡ ಶುರು ಮಾಡಿತು. ಸಾಬರು ಮುಚ್ಚಳ ಕೆಳಗಿಟ್ಟ ಮೇಲೆಯೂ ಸ್ವಲ್ಪ ಹೊತ್ತು ಎರಡೂ ಕಾಲು ಎತ್ತುತ್ತಲೇ ಇದ್ದವು.

“ನೋಡ್ದ್ಯಾ? ಜನ ಏನಂತಾರೆ, ಖುಷೀಲಿ ಕುಣೀತಾಳೆ ಅಂತಾರೆ. ಖುಷಿ ಎಲ್ಲಿಂದ ಬರ್ಬೇಕು ಅಕ್ಕಾ. ಮರಿ ಇದ್ದಾಗ ನಾಕೂ ಕಾಲಿಗೆ ಹಗ್ಗ ಹಾಕೋದು. ತಮಟೆ ಬಡಿಯೋದು, ಬೆತ್ತದಲ್ಲಿ ಕಾಲಿಗೆ ಹೊಡೆಯೋದು. ತಮಟೆ, ಬೆತ್ತ. ತಮಟೆ, ಬೆತ್ತ. ಆಮೇಲೆ ಬೆತ್ತ ಬೇಕಾಗಲ್ಲ.”

“ಹೊಡೆದಿದ್ದು ಯಾರು?”

“ನಾನೇ.”

ಅವರೇ ಮತ್ತೆ ಹೇಳಿದರು. “ತಮಟೆ ಕೇಳದ ಜಾಗ ನೋಡಿ ಕೊಡು. ಕೆಂದೂನ ಕಾಲು ಗಟ್ಟಿ ಇದೆ, ಆದ್ರೂ ಅದಕ್ಕೂ ತಮಟೆ ಬೇಡ. ಇವ್ಳ ಕಾಲಂತೂ ಇನ್ನೊಂದ್ ಮೆರವಣಿಗೆ ತಡಿಯಲ್ಲ. ಒಡೆದೇ ಹೋಗ್ತದೆ.”

ಮಾರುಕಟ್ಟೆಗೆ ಟೊಮೇಟೊ ತಂದು ಖಾಲಿ ಹಿಂದಿರುಗುವ ಟೆಂಪೋದವನೊಬ್ಬನನ್ನು ಹಿಡಿದು ಗುರುವಾರವೇ ಎರಡನ್ನೂ ನನ್ನ ಹಿತ್ತಲಿಗೆ ಸಾಗಿಸಿದೆ. ಶುಕ್ರವಾರ ಗಾಡಿ ತಂದ ದಲ್ಲಾಳಿ ಖಾಲಿ ಲಾಯ ನೋಡಿ ನನಗೆ ಫೋನು ಮಾಡಿದ. ಅವನಿಗೆ ನಾನು ಹೊಸಬಳಲ್ಲ.

“ಏನಮ್ಮೋ, ಮುದುಕಿ ಆದ್ರೂ ಸುಮ್ನಿರಲ್ವಲ್ಲ ನೀನು! ಕುಂಟು ಕುದ್ರೆ ಇಟ್ಕೊಂಡು ನೀನೇನು ಮೆರವಣಿಗೆ ಹೋಗ್ತೀಯಾ?”

“ಹೂಂ, ನಿನ್ನ ತಿಥಿಗೆ ಅದರ ಮೇಲೇ ಬರ್ತೀನಿ.”

ಅವನು ನಕ್ಕ. “ಸರಿ ಬಿಡು. ಬಿಳೀದು ಇವತ್ತಲ್ಲ ನಾಳೆ ಬಿದ್ದೋಗತ್ತೆ. ಆಗ ನೀನೇ ನಂಗೆ ಫೋನ್ ಮಾಡ್ತೀಯ.”

“ಫೋನ್ ಕೈಲಿ ಹಿಡ್ಕೊಂಡೇ ಕೂತಿರು.”

ಕೆಂದು ಮಾಸ್ತಿಯ ಹತ್ತಿರದ ಒಂದು ಹಳ್ಳಿಗೆ ಹೋಯಿತು. ಹಸು ಕಟ್ಟಿ ಹಾಲು ಹಾಕುವ ಮನೆ, ತರಕಾರಿಯೂ ಬೆಳೆಯುತ್ತಾರೆ. ಬಿಳಿಯದಕ್ಕೆ ಆವನಿಯ ಆಚೆ ರೇಷ್ಮೆಯವರ ಒಂದು ಮನೆ ಸಿಕ್ಕಿತು. ಗಂಡ ಹೆಂಡತಿ ಇಬ್ಬರೂ ಚಿಕ್ಕ ವಯಸ್ಸಿನವರು, ಜೊತೆಗೆ ಗಂಡನ ತಾಯಿ. ಹಿಪ್ಪುನೇರಳೆ ತೋಟದ ಪಕ್ಕ ಒಂದು ತುಂಡು ಹುಲ್ಲಿನ ಜಾಗ, ಹೊಂಗೆ ಮರದ ನೆರಳು, ಕಲ್ಲಿನ ತೊಟ್ಟಿಯಲ್ಲಿ ನೀರು. ಬೇಲಿಯಾಚೆ ಒಂದು ಬಂಡಿ ದಾರಿ. ನಾನು ನೆಲ ತುಳಿದು ನೋಡಿದೆ. ಮೆತ್ತಗಿತ್ತು. ಊದಿದ ಕಾಲಿಗೆ ಅದು ಒಳ್ಳೆಯದು.

“ಕುದುರೆ ನಿಮಗೇಕಪ್ಪಾ?” ಎಂದು ಕೇಳಿದೆ.

“ಗೊಬ್ಬರಕ್ಕೆ ಅವ್ವಾ,” ಎಂದ ಗಂಡ. ಹೆಂಡತಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. “ಸುಳ್ಳು ಕಣವ್ವಾ. ಮನೆ ಮುಂದೆ ಕುದ್ರೆ ಇದ್ರೆ ಗತ್ತು ಅಂತ. ಆಗಲೇ ಊರೆಲ್ಲಾ ಹೇಳ್ಕೊಂಡು ಬಂದವ್ನೆ.”

ಟೆಂಪೋದಿಂದ ಕುದುರೆ ಇಳಿಸುತ್ತಲೇ ಅತ್ತೆ ಸೊಸೆ ಆರತಿ ತಟ್ಟೆ ತಂದರು. ಹಣೆಗೆ ಅರಿಶಿನ ಕುಂಕುಮ ಇಟ್ಟರು. ಮನೆಗೆ ಹೊಸ ಹಸು ಬಂದರೆ ಮಾಡುವ ಹಾಗೆಯೇ. ಆಗಲೇ ನಾನು ಕೇಳಿದ್ದು.

“ಇದಕ್ಕೆ ತಮಟೆ ಆಗಬಾರದು ಕಣಪ್ಪಾ. ಕೇಳಿದರೆ ನಿಲ್ಲಲ್ಲ, ಕಾಲು ಹೋಗತ್ತೆ. ಈ ಕಡೆ ಮೆರವಣಿಗೆ ಗಿರವಣಿಗೆ ಬರತ್ತಾ?”

“ಈಗ ಯಾರವ್ವಾ ಊರಲ್ಲಿ ಮದ್ವೆ ಮಾಡ್ತಾರೆ? ಎಲ್ಲಾ ಮುಳಬಾಗಿಲು ಛತ್ರದಲ್ಲೇ. ಇಲ್ಲಿ ಬ್ಯಾಂಡೂ ಇಲ್ಲ, ಗೀಂಡೂ ಇಲ್ಲ.”

“ದೇವರು ಗೀವರು ಬರತ್ತಾ?”

“ದೇವರು ಊರೊಳಗೇ ಸುತ್ತಿ ಗುಡಿ ಸೇರ್ಕೊಳತ್ತೆ. ಇಲ್ಲಿಗೆ ಬರಲ್ಲ.”

ಹೆಂಡತಿ ತಟ್ಟೆ ಹಿಡಿದುಕೊಂಡೇ ಬಾಯಿ ತೆರೆದಳು. ಅತ್ತೆಯ ಮುಖ ನೋಡಿ ಮತ್ತೆ ಮುಚ್ಚಿದಳು. ನಾನು ಕಂಡೆ. ಮೇವಿನ ಖರ್ಚಿನ ಮಾತಿರಬೇಕು, ಅತ್ತೆ ಎದುರು ಆಡಲು ಹೆದರಿದಳು ಅಂದುಕೊಂಡು ಸುಮ್ಮನಾದೆ. ಮಾಸ್ತಿಯ ಮನೆಯಲ್ಲೂ ಇದನ್ನೇ ಕೇಳಿದ್ದೆ, ಇದೇ ಉತ್ತರ ಕೊಟ್ಟಿದ್ದರು. ತಮಟೆ ಇಲ್ಲದ ಎರಡು ಜಾಗ ಹುಡುಕಿದೆ ಎಂದು ಬಸ್ಸಿನಲ್ಲಿ ಕೂತು ಕಡಲೆಕಾಯಿ ತಿನ್ನುತ್ತಾ ಬಂದೆ.

ನಾಲ್ಕು ತಿಂಗಳು ಆ ಊರಲ್ಲಿ ಯಾರೂ ಸಾಯಲಿಲ್ಲ.

ನಡುವೆ ಒಂದು ಸಲ ಹೋಗಿ ನೋಡಿ ಬಂದಿದ್ದೆ. ಪಕ್ಕೆಲುಬು ಮುಚ್ಚಿಕೊಂಡಿದ್ದವು. ಕಾಲಿನ ಊತ ಇಳಿದು, ಮುಟ್ಟಿದರೆ ತಣ್ಣಗಿತ್ತು. ನನ್ನನ್ನು ನೋಡಿ ಹತ್ತಿರ ಬರಲೂ ಇಲ್ಲ, ಹುಲ್ಲಿನಿಂದ ತಲೆ ಎತ್ತಲೂ ಇಲ್ಲ. ಹಸಿವಿಲ್ಲದ ಕುದುರೆ ಹುಲ್ಲಿನವಳನ್ನು ಕೇಳುವುದಿಲ್ಲ. ಒಳ್ಳೆಯದೇ ಆಯಿತು ಅಂದುಕೊಂಡೆ.

ಆಮೇಲೆ ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಹೆಂಡತಿಯ ಫೋನು ಬಂತು. “ಅವ್ವಾ, ಬೇಗ ಬಾ. ಬಿಳೀದು ಬಿದ್ದೈತೆ. ಏಳ್ತಿಲ್ಲ.” ಹಿಂದೆ ದೂರದಲ್ಲಿ ತಮಟೆಯ ಸದ್ದು ಕೇಳುತ್ತಿತ್ತು. ದನದ ಡಾಕ್ಟರಿಗೆ ಹೇಳಲು ಅವಳಿಗೆ ತಿಳಿಸಿ, ಮುಳಬಾಗಿಲಿನ ಬಸ್ಸು ಹತ್ತಿದೆ.

ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಕುದುರೆ ಬೇಲಿಯ ಪಕ್ಕದಲ್ಲಿ ಮಲಗಿತ್ತು. ಬಲಗಾಲು ಮೊಣಕಾಲಿನ ಕೆಳಗೆ ಮುರಿದು ಪಕ್ಕಕ್ಕೆ ತಿರುಗಿತ್ತು, ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ಅದರ ಬೆನ್ನಿನ ಮೇಲೆಲ್ಲ ಪುರಿ, ಚೆಂಡುಹೂವಿನ ಎಸಳು. ಹೆಣದ ಮೇಲೆ ಎರಚುವ ಪುರಿ. ಮುಖದ ಹಗ್ಗದಲ್ಲಿ ಹತ್ತು ರೂಪಾಯಿಯ ಒಂದು ನೋಟು ಸಿಕ್ಕಿಸಿದ್ದರು. ಕುದುರೆ ಒದ್ದಾಡುತ್ತಿರಲಿಲ್ಲ. ಬೆವರಿ ನೆನೆದುಹೋಗಿ, ಮೂಗು ಅರಳಿಸಿ ಉಸಿರು ಬಿಡುತ್ತಿತ್ತು ಅಷ್ಟೆ.

ಏನಾಯಿತೆಂದು ಹೆಂಡತಿ ಹೇಳಿದಳು. ಊರಿನ ಅತಿ ಹಿರಿಯ ಮುದುಕ ಸತ್ತಿದ್ದ. ಮೊಮ್ಮಕ್ಕಳು, ಮರಿಮಕ್ಕಳನ್ನು ಕಂಡು ಹೋದವನು. ಅಂಥ ಸಾವಿಗೆ ಯಾರೂ ಅಳುವುದಿಲ್ಲ, ಎರಡು ಊರಿನ ತಮಟೆ ಕರೆಸಿ, ಹೆಣದ ಮುಂದೆ ಹುಡುಗರು ಕುಣಿಯುತ್ತಾರೆ. ಸ್ಮಶಾನಕ್ಕೆ ಹೋಗುವುದು ಬೇಲಿಯಾಚೆಯ ಆ ಬಂಡಿ ದಾರಿಯಲ್ಲೇ. ತಮಟೆ ಹತ್ತಿರ ಬಂದಂತೆ ಕುದುರೆ ಕಾಲು ಎತ್ತಿತು. ಯಾರೋ ನೋಡಿ, “ಲೇ, ಕುದ್ರೆ ಕುಣೀತೈತೆ ಕಣ್ರೋ!” ಎಂದು ಕೂಗಿದರು. ಅಲ್ಲಿಗೆ ಮುಗಿಯಿತು. ಹೆಣ ಇಳಿಸಿ ನಿಂತರು. ತಮಟೆಯವರು ಬೇಲಿಗೇ ಬಂದು ಜೋರಾಗಿ ಬಡಿದರು. ಶಿಳ್ಳೆ ಹೊಡೆದರು, ಪುರಿ ಎರಚಿದರು, ಮೊಬೈಲಿನಲ್ಲಿ ಹಿಡಿದರು. ಸತ್ತವನ ಮಗನೇ ಬಂದು, ನಮ್ಮಪ್ಪನನ್ನು ಕಳಿಸೋಕೆ ಕುದುರೇನೂ ಕುಣೀತು ಎಂದು ನೋಟು ಸಿಕ್ಕಿಸಿದ.

“ನಿನ್ ಗಂಡ ಎಲ್ಲಿದ್ದ?”

“ಹೆಣಕ್ಕೆ ಹೆಗಲು ಕೊಟ್ಟಿದ್ದ ಅವ್ವಾ. ಬ್ಯಾಡ್ರೋ ಬ್ಯಾಡ್ರೋ ಅಂತ ಕಿರುಚ್ದ. ಆ ಸದ್ದಲ್ಲಿ ಯಾರಿಗೆ ಕೇಳತ್ತೆ?”

“ನೀನು?”

“ಹುಳಕ್ಕೆ ಸೊಪ್ಪು ಹಾಕ್ತಿದ್ದೆ. ಓಡಿ ಬಂದೆ. ಹೆಂಗಸ್ರು ಹೆಣದ ದಾರಿಗೆ ಬರಬಾರ್ದು, ಹೋಗು ಹೋಗು ಅಂತ ಕೈಯಾಡ್ಸಿದ್ರು. ಅಲ್ಲೇ ನಿಂತ್ಕೊಂಡೆ.” ಅವಳು ನಿಂತ ಜಾಗ ತೋರಿಸಿದಳು. ಕುದುರೆಯಿಂದ ಇಪ್ಪತ್ತು ಹೆಜ್ಜೆ ಇರಬಹುದು.

ಕಾಲು ಮುರಿದಾಗ ತಮಟೆ ನಿಂತಿತು. ಆದರೆ ಹೆಣವನ್ನು ಕಾಯಿಸಬಾರದಲ್ಲ. ಎತ್ತಿಕೊಂಡು ಹೊರಟರು, ಸ್ವಲ್ಪ ದೂರ ಹೋಗಿ ಮತ್ತೆ ಬಡಿದರು. ಬಿದ್ದಲ್ಲಿಯೇ ಕುದುರೆಯ ಮೂರು ಕಾಲು ಆ ಸದ್ದಿಗೆ ಎಗರುತ್ತಿದ್ದವಂತೆ.

ಗಂಡ ಮಣ್ಣು ಮುಗಿಸಿ, ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಬಂದು ನಿಂತ. ಡಾಕ್ಟರೂ ಬಂದರು. ಕಾಲು ನೋಡಿ, ಎದೆಗೆ ಕಿವಿಗೊಳವೆ ಇಟ್ಟು, ನನ್ನ ಕಡೆ ತಿರುಗಿದರು. “ಇದು ಕೂಡಲ್ಲಮ್ಮ. ಇನ್ನೇನಿದ್ರೂ ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡೋದು ಒಂದೇ.”

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ದಲ್ಲಾಳಿ. ಬೆಳಿಗ್ಗೆ ಯಾರೋ ಹಿಡಿದ ವಿಡಿಯೋ ಆಗಲೇ ಅವನವರೆಗೂ ಹೋಗಿತ್ತು.

“ಅಮ್ಮಾ, ಬಿತ್ತಂತೆ? ನೋಡು, ಇಂಜೆಕ್ಷನ್ ಕೊಡಿಸ್ಬೇಡ. ಕೊಡಿಸಿದ್ರೆ ಮಾಂಸ ಯಾತಕ್ಕೂ ಬರಲ್ಲ. ನನ್ ಗಾಡಿ ಶ್ರೀನಿವಾಸಪುರದಲ್ಲೇ ಐತೆ, ಉಸಿರಿರೋವಾಗ ಎತ್ಕೊಂಡು ಹೋಗ್ತೀನಿ. ಗುಂಡಿ ತೋಡೋ ಕೆಲ್ಸಾನೂ ನಿಮಗಿಲ್ಲ.”

ಅವನ ಗಂಟಲು ದೊಡ್ಡದು, ಎಲ್ಲರಿಗೂ ಕೇಳಿಸಿತು. ಗಂಡ ನೆಲ ನೋಡುತ್ತಾ ಹೇಳಿದ. “ಹೆಂಗಿದ್ರೂ ಸಾಯೋದೇ ಅಲ್ವಾ ಅವ್ವಾ.” ಅವನು ಕೆಟ್ಟವನಲ್ಲ. ಅಷ್ಟು ದೊಡ್ಡ ಮೈಯನ್ನು ಎಲ್ಲಿ ಹೂಳುವುದು ಎಂಬ ಚಿಂತೆ ಅವನಿಗೆ. ನಾನು ಆ ಗಾಡಿಯನ್ನು ಯೋಚಿಸಿದೆ. ಈ ಕಾಲಿಗೆ ಹಗ್ಗ ಕಟ್ಟಿ ಎಳೆದು ಹತ್ತಿಸುವುದು, ಗೌನಿಪಲ್ಲಿ ದಾಟುವವರೆಗೂ ರಸ್ತೆಯ ಹಳ್ಳಗಳಲ್ಲಿ ಗಾಡಿ ಎತ್ತಿ ಹಾಕುವುದು.

ಕುದುರೆ ಉಳಿಯಲಿಲ್ಲ. ಗಾಡಿಯಾದರೂ ಹತ್ತಬಾರದು. ನನ್ನ ಕೈಯಲ್ಲಿ ಉಳಿದಿದ್ದು ಅಷ್ಟೆ.

“ಕೊಡಿ ಸಾರ್ ಇಂಜೆಕ್ಷನ್,” ಎಂದೆ. ಫೋನು ಆರಿಸಿದೆ.

ತಲೆಯನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡು ಕೂತೆ. ಭಾರ. ಒಂದು ಸೂಜಿಗೆ ಜೀವ ಹೋಗಲಿಲ್ಲ, ಎರಡನೆಯದು ಬೇಕಾಯಿತು. ಕಣ್ಣು ಮುಚ್ಚಲೂ ಇಲ್ಲ. ಡಾಕ್ಟರು ಕಣ್ಣುಗುಡ್ಡೆ ಮುಟ್ಟಿ ನೋಡಿ ಆಯಿತು ಎಂದರು.

ಗುಂಡಿ ತೋಡಲು ಬಂದದ್ದು ಬೆಳಿಗ್ಗೆ ಮುದುಕನಿಗೆ ಗುಂಡಿ ತೋಡಿದ ಜೆಸಿಬಿಯೇ. ಸತ್ತವನ ಮಗ ಕರೆತಂದಿದ್ದ. ಐವತ್ತು ದಾಟಿದವನು, ತಲೆ ಬೋಳಿಸಿಕೊಂಡು, ಒದ್ದೆ ಟವೆಲು ಹೊದ್ದಿದ್ದ.

“ಗೊತ್ತಿರ್ಲಿಲ್ಲ ಅವ್ವಾ,” ಎಂದ. “ಖುಷೀಲಿ ಕುಣೀತೈತೆ ಅಂದ್ಕೊಂಡ್ವಿ.”

ನಾನು ಮುಖದ ಹಗ್ಗದಿಂದ ಆ ನೋಟು ತೆಗೆದು ಅವನ ಕೈಗೆ ಕೊಟ್ಟೆ. “ತಗೋ. ನಿಂದು.” ಅವನು ಏನು ಮಾಡಬೇಕೆಂದು ತಿಳಿಯದೆ ಅದನ್ನು ಹಿಡಿದುಕೊಂಡೇ ಜೆಸಿಬಿಯ ಹಿಂದೆ ನಿಂತಿದ್ದ. ತೋಟದ ಮೂಲೆಯಲ್ಲಿ ಹೂಳಿದರು. ಕಾಲುಗಳು ಒಳಗೆ ಹೋಗದೆ ಇನ್ನೂ ಸ್ವಲ್ಪ ಅಗೆಯಬೇಕಾಯಿತು.

ಹೊರಡುವಾಗ ಹೆಂಡತಿ ರಸ್ತೆಯವರೆಗೆ ನನ್ನ ಜೊತೆ ಬಂದಳು. ಅತ್ತೆ ಕಾಣದಷ್ಟು ದೂರ ಬಂದ ಮೇಲೆ ನಿಂತಳು.

“ಅವ್ವಾ, ನಂಗೆ ಆವತ್ತೇ ಹೊಳೆದಿತ್ತು. ನೀನು ಮೆರವಣಿಗೆ ಬರತ್ತಾ ಅಂತ ಕೇಳ್ದಾಗ.”

“ಮತ್ಯಾಕೆ ಹೇಳ್ಲಿಲ್ಲ?”

“ಕೈಯಲ್ಲಿ ಆರತಿ ತಟ್ಟೆ ಇತ್ತು. ಮನೆಗೆ ಒಂದು ಜೀವ ಬರೋ ಗಳಿಗೇಲಿ ಸುಡುಗಾಡು ಅಂತ ಹೆಂಗವ್ವಾ ಬಾಯಲ್ಲಿ ತರೋದು?”

“ತರಬೇಕಿತ್ತು ಕಣೇ.”

ಅವಳು ಅತ್ತಳು. ಸಮಾಧಾನ ಮಾಡಲು ನನಗೆ ಬರಲಿಲ್ಲ. ಬಸ್ಸು ಬಂತು, ಹತ್ತಿದೆ.

ಅವಳದ್ದು ಎಷ್ಟು ತಪ್ಪೋ ನನ್ನದೂ ಅಷ್ಟೇ, ಅದಕ್ಕಿಂತ ಹೆಚ್ಚು. ತಮಟೆ ಎಂದರೆ ಸಾವು ಎಂದು ಕೂಸಿಗೂ ಗೊತ್ತು. ನನ್ನ ಅಪ್ಪನ ಮುಂದೆ ಬಡಿದಿದ್ದಾರೆ, ನನ್ನ ಗಂಡನ ಮುಂದೆ ಬಡಿದಿದ್ದಾರೆ. ಎರಡು ಸಲವೂ ನಾನು ಬೀದಿಯ ಕೊನೆಯವರೆಗೆ ಹೋಗಿ, ಅಲ್ಲಿಂದ ವಾಪಸು ಬಂದು ಮನೆ ತೊಳೆದೆ. ಆಚೆಗೆ ಗಂಡಸರು ಹೋಗುತ್ತಾರೆ. ಆ ದಾರಿ ಯಾವ ತೋಟದ ಪಕ್ಕ ಹಾಯುತ್ತದೆ, ಯಾವ ಬೇಲಿ ತಾಗುತ್ತದೆ ಎಂದು ನಾನು ಯಾವತ್ತೂ ನೋಡಿಲ್ಲ. ನೋಡದ ದಾರಿಯನ್ನು ಕೇಳಲೂ ಇಲ್ಲ. ನೀರು ನೋಡಿದೆ, ನೆರಳು ನೋಡಿದೆ, ನೆಲ ತುಳಿದು ನೋಡಿದೆ. ಮದುವೆ ಕುದುರೆ ಎಂದು ಮದುವೆಯನ್ನೇ ಕೇಳಿದೆ. ಕುದುರೆಗೆ ಮದುವೆಯೂ ಒಂದೇ, ಸಾವೂ ಒಂದೇ. ಅದು ಕೇಳಿಸಿಕೊಳ್ಳುವುದು ಬೆತ್ತವನ್ನು.

ಮನೆಗೆ ಬಂದು ಕಾಲು ತೊಳೆಯುವಾಗ ಕೆಂದು ನೆನಪಾಯಿತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮಾಲೂರಿಗೆ ಹೋಗಿ, ಅಲ್ಲಿಂದ ಮಾಸ್ತಿಯ ಬಸ್ಸು ಹಿಡಿದೆ. ಆ ಮನೆಯಾಕೆ ಹಾಲು ಕರೆದು ಕ್ಯಾನಿಗೆ ಸುರಿಯುತ್ತಿದ್ದಳು. “ಏನವ್ವಾ ಇಷ್ಟ್ ಬೇಗ? ಕೂತ್ಕೋ, ಕಾಫಿ ಕುಡೀವಂತೆ,” ಎಂದಳು.

ನಾನು ಕೂರಲಿಲ್ಲ. “ನಿಮ್ಮೂರಲ್ಲಿ ಸತ್ತರೆ ಯಾವ ದಾರೀಲಿ ತಗೊಂಡು ಹೋಗ್ತೀರ?”

ಅವಳು ಥೂ ಎಂದು ಪಕ್ಕಕ್ಕೆ ಉಗಿದಳು. “ಬೆಳಬೆಳಗ್ಗೆ ಹಾಲಿನ ಮುಂದೆ ಎಂಥ ಮಾತವ್ವಾ!”

“ಹೇಳು.”

ಅವಳು ಬಾಯಿ ಬಿಡಲಿಲ್ಲ. ಗದ್ದ ಎತ್ತಿ ಕೊಟ್ಟಿಗೆಯ ಹಿಂದಕ್ಕೆ ತೋರಿಸಿದಳು. ಹೋಗಿ ನೋಡಿದೆ. ಕೊಟ್ಟಿಗೆ ಗೋಡೆಗೆ ತಾಗಿಕೊಂಡೇ ಮಣ್ಣಿನ ದಾರಿ. ಅದನ್ನು ಹಿಡಿದು ಕೊನೆಯವರೆಗೂ ನಡೆದೆ. ಸ್ಮಶಾನ ಇತ್ತು. ಹಿಂದಿರುಗಿ ಬಂದು ಕೆಂದುವಿನ ಹಗ್ಗ ಬಿಚ್ಚಿದೆ.